ಹದಿನೇಳನೆಯ ಮೆಟ್ಟಿಲು

ಕಪಿಲೆಯ ದಡದಲ್ಲಿ ಒಂದು ಆಶ್ರಮವಿತ್ತು. ನದಿಯಿಂದ ಗುಡಿಗೆ ನಲವತ್ತು ಮೆಟ್ಟಿಲು. ಅಭಿಷೇಕದ ಕೊಡ ದಾರಿಯಲ್ಲಿ ನೆಲ ಮುಟ್ಟಬಾರದು. ಮುಟ್ಟಿದರೆ ಚೆಲ್ಲಿ, ಮತ್ತೆ ಇಳಿದು ತುಂಬಿ ತರಬೇಕು.

ನಿಯಮ ಕಾಯುವವಳು ಹಿರಿಯ ಶಿಷ್ಯೆ ಅನಸೂಯೆ. ಅವಳು ಒಂದು ದಿನವೂ ಕೊಡ ಇಳಿಸಿದವಳಲ್ಲ.

ಆ ಮಧ್ಯಾಹ್ನ ಅವಳು ಕಿರಿಯ ಶಿಷ್ಯೆ ಕುಮುದಳನ್ನು ಪಟ್ಟಣದ ಆಸ್ಪತ್ರೆಗೆ ಸೇರಿಸಿ ಬಂದು ಗುರುಗಳ ಎದುರು ನಿಂತಳು.

"ಕುಮುದ ಹೇಗಿದ್ದಾಳೆ?" ಗುರುಗಳು ಕೇಳಿದರು.

"ಸೋಮಾರಿತನವಲ್ಲವಂತೆ, ಅಮ್ಮಾ."

"ಮತ್ತೇನು?"

"ಹೃದಯದ ಎಡಭಾಗದಲ್ಲಿ ಎರಡು ರೆಕ್ಕೆಯ ಬಾಗಿಲಿದೆಯಂತೆ. ಮೈಟ್ರಲ್ ಕವಾಟ ಎನ್ನುತ್ತಾರೆ. ಅದರ ಹುರಿಗಳನ್ನು ಎರಡು ಕಂಬಗಳು ಹಿಡಿದಿರಬೇಕು. ಇವಳಿಗೆ ಎಲ್ಲ ಹುರಿಯೂ ಒಂದೇ ಕಂಬಕ್ಕೆ. ಬಾಗಿಲು ಪೂರ್ತಿ ತೆರೆಯುವುದೇ ಇಲ್ಲ. ಬಲು ಅಪರೂಪ, ಹುಟ್ಟಿನಿಂದಲೇ ಇದೆ ಎಂದರು. ನಾಳೆ ಶಸ್ತ್ರಚಿಕಿತ್ಸೆ."

ಗುರುಗಳು ಜಪಮಾಲೆ ಕೆಳಗಿಟ್ಟರು.

"ಇವತ್ತು ಮೂರು ಸಲ ಅವಳ ಕೊಡ ಚೆಲ್ಲಿಸಿದೆ. 'ಅಕ್ಕಾ, ಎದೆ ಓಡುತ್ತಿದೆ' ಎಂದಳು. 'ಎಲ್ಲರ ಎದೆಯೂ ಓಡುತ್ತದೆ, ಮಹಾರಾಣಿ. ಪಲ್ಲಕ್ಕಿ ತರಿಸಲೇ?' ಎಂದೆ. ನಾಲ್ಕನೆಯ ಸಲ ಬಿದ್ದಳು."

"ಎಲ್ಲಿ?"

"ಹದಿನೇಳನೆಯ ಮೆಟ್ಟಿಲಿನಲ್ಲಿ. ದಿನವೂ ಅಲ್ಲೇ ಇಳಿಸುತ್ತಿದ್ದಳು."

"ಬಾ."

ಗುರುಗಳು ನಿಧಾನವಾಗಿ ಇಳಿದು ಹದಿನೇಳನೆಯ ಮೆಟ್ಟಿಲಿನಲ್ಲಿ ಕುಳಿತರು. ಅನಸೂಯೆ ನಿಂತೇ ಇದ್ದಳು.

"ನನಗೆ ಶಿಕ್ಷೆ ಕೊಡಿ ಅಮ್ಮಾ. ನೂರು ಕೊಡ ಹೊರುತ್ತೇನೆ."

"ಹೊರುವುದು ನಿನಗೆ ಗೊತ್ತಿದೆ. ಕೂತುಕೋ."

ಅವಳು ಕುಳಿತಳು. ಆ ಮೆಟ್ಟಿಲ ಮೇಲೆ ಕುಳಿತದ್ದು ಅದೇ ಮೊದಲು.

ಗುರುಗಳು ಅವಳ ಕೈ ಹಿಡಿದು ಕಲ್ಲಿನ ಮೂಲೆಗೆ ಒತ್ತಿದರು. ಅಲ್ಲಿ ಅಂಗೈಯಗಲದ ಒಂದು ತಗ್ಗು, ಬಟ್ಟಲಿನಂತೆ ನುಣುಪು.

"ಇಲ್ಲಿ ಪಾಚಿ ಕಟ್ಟುತ್ತದೆಂದು ನಾನೇ ಉಜ್ಜುತ್ತೇನೆ," ಎಂದಳು ಅನಸೂಯೆ.

"ನೀರು ನಿಂತರೆ ಪಾಚಿ ಕಟ್ಟುತ್ತದೆ. ತಗ್ಗು ಹೇಗಾಯಿತು?"

ಅನಸೂಯೆ ಬೆರಳಾಡಿಸಿದಳು. ಕೊಡದ ತಳದ ಅಳತೆ.

"ಒಬ್ಬಳಿಂದ ಆದದ್ದಲ್ಲ ಇದು. ಯಾರು ಇಳಿಸಿದರು?"

"ನನ್ನ ಗುರುಗಳು. ಆಮೇಲೆ ನಾನು, ಇಪ್ಪತ್ತು ವರ್ಷ."

"ನೀವೇ? ಹಾಗಾದರೆ ನಿಯಮ?"

"ನಿಯಮವನ್ನು ಎಲ್ಲರ ಎದುರು ಹೇಳಿದೆವು. ಕೊಡವನ್ನು ಯಾರೂ ಇಲ್ಲದಾಗ ಇಳಿಸಿದೆವು. ಅವಳನ್ನು ಬೀಳಿಸಿದವಳು ನೀನೊಬ್ಬಳೇ ಅಲ್ಲ."

ಅನಸೂಯೆ ತಗ್ಗಿನಿಂದ ಕೈ ತೆಗೆದಳು.

"ಅಮ್ಮಾ, ಅವಳು ಬದುಕಿ ಬಂದರೆ ನಾನು ಏನು ಮಾಡಲಿ?"

"ಕೊಡ ಹೊತ್ತು ಅವಳ ಮುಂದೆ ಹತ್ತು. ಇಲ್ಲಿಗೆ ಬಂದಾಗ, ಎಲ್ಲರ ಎದುರು, ನಿನಗೆ ದಣಿವಾಗಲಿ."