ಹೆಸರಿಲ್ಲದ ಸೋದರತ್ತೆ

ಒಂದಾನೊಂದು ಕಾಲದಲ್ಲಿ, ಎಷ್ಟು ಹಿಂದೆ ಅಂದ್ರೆ ನಿಮ್ಮ ತಾತನ ಬೋಳುತಲೆ ಮೇಲೆ ಕೂದಲಿತ್ತಲ್ಲ, ಅದಕ್ಕೂ ಹಿಂದೆ, ಸುಣ್ಣ ಸುಡೋರ ಒಂದು ಊರಿತ್ತಂತೆ. ಮನೆ ಬೆಳ್ಳಗೆ, ಬೀದಿ ಬೆಳ್ಳಗೆ, ಬೆಳಿಗ್ಗೆ ಕಾಗೆಯಾಗಿ ಬಂದಿದ್ದು ಸಂಜೆಗೆ ಕೊಕ್ಕರೆಯಾಗಿ ಹಾರಿಹೋಗ್ತಿತ್ತಂತೆ. ನಗಬೇಡ, ಹೂಂ ಅನ್ನು. ಆ ಊರಲ್ಲಿ ದೇವೀರಿ ಅಂತ ಒಬ್ಬಳು ಸುಣ್ಣದ ಗೂಡಿಗೆ ಕಲ್ಲು ಹೊರ್ತಿದ್ದಳಂತೆ. ಅವಳಿಗೆ ಮದುವೆ ಆಗಲಿಲ್ಲ, ಮಗಳು ಆದಳಂತೆ. ಅಪ್ಪ ಯಾರು ಅಂತ ಇಡೀ ಊರಿಗೆ ಗೊತ್ತಿತ್ತು, ಇಡೀ ಊರು ಗೊತ್ತಿಲ್ಲ ಅಂತಿತ್ತಂತೆ.

ಆ ಊರಲ್ಲಿ ಒಂದು ಪದ್ಧತಿ. ತೊಟ್ಟಿಲಿಗೆ ಹಾಕೋ ದಿನ ಅಪ್ಪನ ಅಕ್ಕನೋ ತಂಗಿಯೋ, ಅಂದ್ರೆ ಸೋದರತ್ತೆ, ಮಗುವಿನ ಕಿವಿಗೆ ವೀಳ್ಯದೆಲೆ ಅಡ್ಡ ಹಿಡಿದು ಹೆಸರು ಹೇಳಬೇಕು, ಹಿಂದೆ ನಿಂತ ಹೆಂಗಸರು ಅವಳ ಬೆನ್ನಿಗೆ ದಬದಬ ಗುದ್ದಬೇಕು. ಹಾಗೆ ಗುದ್ದಿಸಿಕೊಂಡು ಹೇಳಿದ್ದೇ ಹೆಸರು, ಹೆತ್ತವ್ವ ಹೇಳಿದ್ದು ಲೆಕ್ಕಕ್ಕಿಲ್ಲ. ಅಪ್ಪನೇ ಇಲ್ಲ ಅಂದಮೇಲೆ ಅಪ್ಪನ ತಂಗಿ ಎಲ್ಲಿಂದ ಬರಬೇಕು? ಹುಡುಗಿಗೆ ಹೆಸರೇ ಇಲ್ಲ. ಊರೋರು ಏಯ್ ಅಂತಿದ್ರು, ಅವ್ವ ಮಗಾ ಅಂತಿದ್ದಳು. ಮದುವೆಮನೇಲಿ ಒಬ್ಬೊಬ್ಬರ ಹೆಸರು ಕೂಗಿ ಎಲೆ ಮುಂದೆ ಕೂರಿಸ್ತಿದ್ರಂತೆ. ಹುಡುಗಿ ಬಾಗಿಲಲ್ಲಿ ನಿಂತು ನಿಂತು, ಎಂಜಲೆಲೆ ಎತ್ತೋ ಹೊತ್ತಿಗೆ ಮನೆಗೆ ಬರ್ತಿದ್ದಳಂತೆ.

ಆಮೇಲೆ ಒಂದು ದಿನ ಅವಳೇ ಒಂದು ವೀಳ್ಯದೆಲೆ ಕಿತ್ತುಕೊಂಡು ಸೋದರತ್ತೇನ ಹುಡುಕ್ತೀನಿ ಅಂತ ಹೊರಟಳಂತೆ. ಮೊದಲು ಗಾಣದ ಮನೆ ತಿಮ್ಮಕ್ಕನ ಹತ್ರ ಹೋದಳು. ತಿಮ್ಮಕ್ಕ, ಅಯ್ಯೋ ನಮ್ಮವ್ವಾ, ನಾನು ಹೇಳಿದ್ರೆ ನಮ್ಮಣ್ಣನೇ ನಿನ್ನಪ್ಪ ಅಂತ ಆಗಲ್ವೇನೇ, ಅತ್ತಿಗೆ ನನ್ನನ್ನ ಗಾಣಕ್ಕೆ ಹಾಕಿ ಎಣ್ಣೆ ತೆಗೀತಾಳೆ, ನಡಿ ನಡಿ ಅಂದಳಂತೆ. ಆಮೇಲೆ ಹೂವು ಕಟ್ಟೋ ಗಂಗಜ್ಜಿ ಹತ್ರ ಹೋದಳು. ಆ ಅಜ್ಜಿ ಪಾಪ ಒಳ್ಳೇದು, ನಂಗೆ ಅಣ್ಣನೂ ಇಲ್ಲ ತಮ್ಮನೂ ಇಲ್ಲ ಮಗಾ, ನಾನು ಹೇಳಿದ್ರೆ ಅದು ಹೆಸರಾಗಲ್ಲ, ಬರೀ ಸದ್ದಾಗುತ್ತೆ ಅಂತ ತಲೆ ಸವರಿ ಕಳಿಸಿತಂತೆ.

ಆಮೇಲೆ ಮೂರನೇದು, ಪಟೇಲನ ತಂಗಿ ಹೊನ್ನಾಜಮ್ಮನ ಮನೆ. ಬಾಗಿಲು ತೆಗೀತಿದ್ದ ಹಾಗೇ ಇಬ್ಬರೂ ಬೆಪ್ಪಾಗಿ ನಿಂತುಬಿಟ್ರಂತೆ. ಹೊನ್ನಾಜಮ್ಮನ ಗಲ್ಲದಲ್ಲಿ ಒಂದು ಗುಳಿ, ಹುಡುಗಿ ಗಲ್ಲದಲ್ಲೂ ಅದೇ ಗುಳಿ. ಹೊನ್ನಾಜಮ್ಮ ಒಳಗೆ ಹೋಗಿ ಒಂದು ಉಂಡೆ ಬೆಲ್ಲ ತಂದು ಅವಳ ಕೈಲಿಟ್ಟು, ಎಲೆ ಕಡೆ ನೋಡಲೂ ಇಲ್ಲ, ಬಾಗಿಲು ಹಾಕಿಕೊಂಡಳಂತೆ. ಹುಡುಗಿ ಬೆಲ್ಲ ತಿಂದಳಾ ಅಂತ ಕೇಳ್ತೀಯಾ? ತಿಂದಳು ಕಣೋ, ಹಸಿವು ಕೇಳಬೇಕಲ್ಲ. ಅಳ್ತಾ ಅಳ್ತಾ ತಿಂದಳಂತೆ.

ಆಮೇಲೆ ಆ ಊರಿಗೆ ಮಾರಿ ಬಂದಳಂತೆ. ಮಟಮಟ ಮಧ್ಯಾಹ್ನ ಬೀದಿ ನಡುವೆ ನಿಂತು ಒಬ್ಬೊಬ್ಬರ ಹೆಸರು ಹಿಡಿದು ಕರೆಯೋಳು, ಓ ಅಂದೋರು ಮಲಗಿದರೆ ಮತ್ತೆ ಏಳ್ತಿರಲಿಲ್ಲ. ದೊಡ್ಡೋರೇನೋ ಬಾಯಿಗೆ ಬಟ್ಟೆ ತುರುಕಿಕೊಂಡು ಕೂತರು, ಮಕ್ಕಳಿಗೆ ಅದು ತಿಳಿಯಬೇಕಲ್ಲ? ಓ ಅಂದವು, ಹೋದವು. ಹೆಸರಿಲ್ಲದ ಈ ಹುಡುಗಿ ಮಾತ್ರ ಬೀದೀಲಿ ಮಾರಿ ಕಾಲ ಬುಡದಲ್ಲೇ ಕುಂಟೆಬಿಲ್ಲೆ ಆಡ್ತಿದ್ದಳಂತೆ. ಮಾರಿಗೆ ಅವಳನ್ನ ಕರೆಯೋಕೆ ಏನೂ ಸಿಗ್ತಿರಲಿಲ್ಲವಂತೆ.

ಊರಿಗೆ ಆಗ ಬುದ್ಧಿ ಹೊಳೀತು. ನಮ್ಮ ಮಕ್ಕಳಿಗೂ ಇನ್ನು ಹೆಸರು ಬೇಡ ಅಂತ ಎಲ್ಲರೂ ಹೆಸರು ಕಿತ್ತುಹಾಕಿದರಂತೆ. ಎಲ್ಲ ಮಕ್ಕಳೂ ಏಯ್! ಒಬ್ಬಳು ಬಾಗಿಲಿಗೆ ಬಂದು ಏಯ್, ಮುದ್ದೆ ತಿನ್ನು ಬಾ ಅಂದ್ರೆ ಊರ ಮಕ್ಕಳೆಲ್ಲ ಅವಳ ಮನೆಗೇ ನುಗ್ಗೋವಂತೆ. ಹುಡುಗಿಯೂ ಅವರ ಜೊತೆ ಕೂತು ಉಂಡಳು, ಯಾರೂ ಏಳು ಅನ್ನಲಿಲ್ಲ. ತಿಮ್ಮಕ್ಕನೇ ತುಪ್ಪ ಬಡಿಸ್ತಾ, ಯಾರ ಹೊಟ್ಟೇಲಿ ಹುಟ್ಟಿದರೇನು, ಮಕ್ಕಳೆಲ್ಲ ಒಂದೇ ಅಲ್ವೇನಮ್ಮಾ ಅಂದಳಂತೆ. ದೇವೀರಿ ಅಂತಿದ್ದೋರು ದೇವೀರವ್ವ ಅಂದರಂತೆ.

ಅದೇ ಕೇಡಾಯ್ತು ನೋಡು. ಒಂದು ಮಧ್ಯಾಹ್ನ ಮಾರಿ ಬಂದು, ದೇವೀರವ್ವಾ, ಅಂತ ಮೆಲ್ಲಗೆ ಕರೆದಳು. ಅಷ್ಟು ಮರ್ಯಾದೆಯಾಗಿ ಕರೆಸಿಕೊಂಡು ಅವಳಿಗೆ ರೂಢಿ ಎಲ್ಲಿತ್ತು? ಕಲ್ಲಿನ ಬುಟ್ಟಿ ಹೊತ್ತೇ, ಓ ಬಂದೆ ಅಂದುಬಿಟ್ಟಳಂತೆ.

ಅವಳನ್ನ ಕರ್ಕೊಂಡು ಮಾರಿ ಊರು ಬಿಟ್ಟಳು. ಊರೋರು ಸ್ನಾನ ಮಾಡಿ ಗುಡಿ ಮುಂದೆ ಮಕ್ಕಳನ್ನ ಸಾಲಾಗಿ ಕೂರಿಸಿ ಹೆಸರು ವಾಪಸ್ ಕೊಡೋಕೆ ನಿಂತರಂತೆ. ಸೋದರತ್ತೆಯರು ಎಲೆ ಹಿಡಿದು ಬಂದರು, ಹೆಂಗಸರು ಗುದ್ದಿದರು. ಹುಡುಗಿಯೂ ಸಾಲಿನ ಕೊನೇಲಿ ತಲೆ ಬಾಚಿಕೊಂಡು ಕೂತಿದ್ದಳು. ಅವಳ ಸರದಿ ಬಂತು. ಎಲೆ ಮುಗೀತು ಅಂದರಂತೆ. ತಟ್ಟೇಲಿ ಎಲೆ ಇತ್ತು ಕಣೋ. ಹೊನ್ನಾಜಮ್ಮ ಸೆರಗಿನ ದಾರ ಎಳೀತಾ ನೆಲ ನೋಡ್ತಿದ್ದಳಂತೆ. ಮಾರನೇ ದಿನದಿಂದ ಹುಡುಗಿ ಅವ್ವನ ಬುಟ್ಟಿ ಎತ್ತಿಕೊಂಡು ಗೂಡಿಗೆ ಹೋದಳಂತೆ.

ಆಮೇಲೆ ಎಷ್ಟೋ ವರ್ಷಕ್ಕೆ ಹೊನ್ನಾಜಮ್ಮನೇ ಅವಳ ಗುಡಿಸಲಿಗೆ ಬಂದಳಂತೆ. ಮಡಿಲಲ್ಲಿ ಒಂದು ಹಸುಗೂಸು, ಕೈಯಲ್ಲಿ ಒಂದು ವೀಳ್ಯದೆಲೆ. ಹೊನ್ನಾಜಮ್ಮನ ಮಗಳಿಗೆ ಮದುವೆಯಾಗದೇ ಹುಟ್ಟಿದ ಮಗು, ಅದರಪ್ಪ ಯಾವ ದಾರಿ ಹಿಡಿದನೋ ಯಾರಿಗೂ ಗೊತ್ತಿಲ್ಲ. ತಿಮ್ಮಕ್ಕನ ಹತ್ರ ಹೋಗಿದ್ದೆ, ಒಲ್ಲೆ ಅಂದಳು, ನೀನೇ ಹೇಳವ್ವಾ, ನಿನ್ನಪ್ಪ ಯಾರು ಅಂತ ಊರು ಒಪ್ಪಿಲ್ಲ, ಹಾಗಿದ್ದಮೇಲೆ ನಿನ್ನಣ್ಣ ಯಾರು ಅಂತ ಊರು ಹ್ಯಾಗೆ ಕೇಳುತ್ತೆ, ನೀನು ಯಾರಿಗೆ ಬೇಕಾದರೂ ಸೋದರತ್ತೆ ಆಗಬಹುದು ಅಂತ ಅತ್ತಳಂತೆ.

ಹೇಳ್ತೀನಿ, ಮೊದಲು ನಂದು ಹೇಳು ಅಂದಳಂತೆ ಇವಳು.

ಹೊನ್ನಾಜಮ್ಮ ಎಲೆ ಎತ್ತಿದಳು, ಬಾಯಿ ತೆರೆದಳು. ಆಮೇಲೆ, ಅಣ್ಣನ ಹೆಣ್ಣುಮಕ್ಕಳಿಗೆ ಇನ್ನೂ ಗಂಡು ಗೊತ್ತಾಗಬೇಕು ಕಣವ್ವಾ, ಅಂದಳಂತೆ. ಎಲೆ ಕೆಳಗಿಟ್ಟಳಂತೆ.

ಇವಳು ಕೂಸನ್ನ ತನ್ನ ಮಡಿಲಿಗೆ ತಗೊಂಡಳು. ಆಮೇಲೆ ಅದೇ ಎಲೆ ಎತ್ತಿ ಕೂಸಿನ ಕಿವಿಗೆ ಹಿಡಿದು ದೇವೀರಿ ಅಂದಳಂತೆ. ಗುದ್ದೋಕೆ ಬೇರೆ ಯಾರಿದ್ರು? ಹೊನ್ನಾಜಮ್ಮನೇ ಕೈ ಎತ್ತಿದಳು, ಗುದ್ದೋಕೆ ಬರಲಿಲ್ಲ, ಬೆನ್ನ ಮೇಲೆ ಹಾಗೇ ಇಟ್ಟಳಂತೆ.

ಆಮೇಲೆ ಇನ್ನೊಬ್ಬಳು ಬಂದಳು, ಮತ್ತೊಬ್ಬಳು ಬಂದಳು, ಮೊದಮೊದಲು ಸೆರಗು ಮುಸುಕಿಕೊಂಡು, ಆಮೇಲೆ ಹಾಡುಹಗಲಲ್ಲಿ, ಆಮೇಲೆ ಡೋಲು ಬಡಿಸಿಕೊಂಡು. ಗುದ್ದಿಸಿಕೊಂಡು ಗುದ್ದಿಸಿಕೊಂಡು ಅವಳಿಗೆ ಗೂನು ಬಂತಂತೆ. ಅವಳು ಹೆಸರಿಟ್ಟ ಮಕ್ಕಳನ್ನೆಲ್ಲ ಮದುವೆಮನೇಲಿ ಹೆಸರು ಕೂಗಿ ಎಲೆ ಮುಂದೆ ಕೂರಿಸಿದರಂತೆ, ಹೆಣ್ಣೂ ಕೊಟ್ಟರಂತೆ, ತಂದರಂತೆ. ಅಪ್ಪ ಯಾರು ಅಂತ ಕೇಳೋ ಬಾಯಿ ಒಂದೊಂದಾಗಿ ಮುಚ್ಚಿತಂತೆ.

ಆಮೇಲೆ ಅವಳು ಸತ್ತಳಂತೆ. ಊರಿಗೆ ಊರೇ ಸೇರಿತು. ಹೆಸರು ಹಿಡಿದು ಕೂಗಿ ಅಳೋದು ಆ ಊರ ರೂಢಿ. ಎಲ್ಲರೂ ಬಾಯಿ ತೆರೆದು ಹಾಗೇ ನಿಂತರು, ಒಬ್ಬರ ಮುಖ ಒಬ್ಬರು ನೋಡಿದರು. ಅವಳಿಗೊಂದು ಹೆಸರಿಡಬೇಕಿತ್ತು ಅನ್ನೋದು ಯಾರಿಗೂ ಹೊಳೆದೇ ಇರಲಿಲ್ಲವಂತೆ. ಆಗ ಹೊನ್ನಾಜಮ್ಮನ ಮೊಮ್ಮಗಳು ದೇವೀರಿ, ಅತ್ತೇ ಅಂತ ಕೂಗಿದಳಂತೆ. ಹಿಂದೇನೇ ಮಿಕ್ಕ ಮಕ್ಕಳೆಲ್ಲ ಅತ್ತೇ, ಅತ್ತೇ ಅಂತ ಕೂಗಿದವಂತೆ. ಅವಳಿಗೆ ಕೇಳಿಸಿತಾ? ಸತ್ತೋರಿಗೆ ಎಲ್ಲಿ ಕೇಳುತ್ತೋ ಪೆದ್ದೇ.

ಆ ಮಕ್ಕಳು ಸುಖವಾಗಿದ್ದರು, ನಾವೂ ಹೀಗಿದ್ದೀವಿ. ಕತೆ ತೀರಿತು, ಕಣ್ಣು ಮುಚ್ಚು.