ಸಣ್ಣಮ್ಮನ ಸಾಕ್ಷಿ ಎಲೆಗಳು

ಒಂದು ಕಾಡಿನಲ್ಲಿ ಕೆಂಚವ್ವ ಎಂಬ ಕಡವೆ ಇದ್ದಳು. ಅವಳಿಗೆ ಸಿಂಗಾರಿ ಎಂಬ ಒಬ್ಬಳೇ ಮಗಳು. ಮಳೆಗಾಲ ಮುಗಿದಿತ್ತು. ಹೊಂಡಗಳಲ್ಲಿ ನೀರು ನಿಂತು ಸೊಳ್ಳೆಗಳು ಎದ್ದಿದ್ದವು. ದಿನವೆಲ್ಲ ಕುಣಿದು ತಾಯಿಯ ತಲೆ ತಿನ್ನುತ್ತಿದ್ದ ಸಿಂಗಾರಿ ಒಂದು ದಿನ ಸುಮ್ಮನೆ ಮಲಗಿಬಿಟ್ಟಳು. ಮೈ ಕೆಂಡದಂತೆ ಸುಡುತ್ತಿತ್ತು. ಕೆಂಚವ್ವನ ಜೀವ ಬಾಯಿಗೆ ಬಂತು.

ಜ್ವರ ಬಂದರೆ ಆ ಕಾಡಿನವರು ಹೋಗುತ್ತಿದ್ದುದು ಹಳೆಯ ಅತ್ತಿಮರದ ಪೊಟರೆಗೆ. ಅಲ್ಲಿ ಸಣ್ಣಮ್ಮ ಎಂಬ ಕಾಡುಪಾಪ ರಕ್ತ ಪರೀಕ್ಷೆ ಮಾಡುತ್ತಿದ್ದಳು. ಹಿಡಿಯಷ್ಟು ಮೈ, ಮುಖದ ತುಂಬ ಕಣ್ಣು. ನಡೆದರೆ ನೋಡುವವರಿಗೆ ನಿದ್ದೆ ಬರಬೇಕು, ಅಷ್ಟು ನಿಧಾನ. ಆದರೆ ಕೆಲಸಕ್ಕೆ ಕೂತಳೆಂದರೆ ನೋಡಬೇಕು ಅವಳನ್ನು! ಪ್ರತಿಯೊಬ್ಬರಿಗೂ ಹೊಸ ಮುಳ್ಳು, ಹೊಸ ಎಲೆ. ಹೆಸರು ಕೇಳಿ, ಎಲೆಯ ಅಂಚಿನಲ್ಲಿ ಅವರವರ ಗುರುತು ಗೀರಿ, ಆಮೇಲೇ ಒಂದು ಹನಿ ರಕ್ತ ತೆಗೆಯುತ್ತಿದ್ದಳು. ಅದರ ಮೇಲೆ ಒಂದು ಹನಿ ನೀಲಿಕಾಯಿ ರಸ ಬಿಡುತ್ತಿದ್ದಳು. ಹನಿ ನೀಲಿಗೆ ತಿರುಗಿದರೆ ಜೌಗು ಜ್ವರ. ಅದಕ್ಕೆ ಕಹಿಬಳ್ಳಿ ಕಷಾಯ ಕುಡಿಯಬೇಕು. ತಿರುಗದಿದ್ದರೆ ಬೇರೇನೋ ಕಾಯಿಲೆ. ಆಗ ಕಹಿಬಳ್ಳಿ ಕುಡಿದರೆ ಕರುಳು ಕಿತ್ತುಬರುತ್ತಿತ್ತು. ಹಾಗಾಗಿ ಪರೀಕ್ಷೆಯಾಗದೆ ಯಾರೂ ಆ ಬಳ್ಳಿಗೆ ಬಾಯಿ ಹಾಕುತ್ತಿರಲಿಲ್ಲ.

ಕೆಂಚವ್ವ ಮಗಳನ್ನು ಕರೆದುಕೊಂಡು ಮುಸ್ಸಂಜೆಗೆ ಅತ್ತಿಮರದ ಬುಡಕ್ಕೆ ಬಂದಳು. ಕರಡಿ, ಮುಳ್ಳುಹಂದಿ, ಕಾಡುಕೋಣ ಕಾಟಿ, ನರಿ, ಎಲ್ಲರೂ ಸಾಲಾಗಿ ನಿಂತಿದ್ದರು. ಸಣ್ಣಮ್ಮ ಪೊಟರೆಯಿಂದ ಎರಡು ಹಳೆಯ ಎಲೆ ತೆಗೆದಳು. ಒಂದರಲ್ಲಿ ಜೌಗು ಜ್ವರ ಬಂದಿದ್ದವರ ರಕ್ತ ಒಣಗಿತ್ತು, ಇನ್ನೊಂದರಲ್ಲಿ ಗಟ್ಟಿಮುಟ್ಟಾಗಿದ್ದವರದು. ಅವನ್ನು ಅವಳು ಸಾಕ್ಷಿ ಎಲೆಗಳು ಎನ್ನುತ್ತಿದ್ದಳು. ದಿನವೂ ಬೇರೆಯವರ ಎಲೆ ಮುಟ್ಟುವ ಮೊದಲು ಇವೆರಡರ ಮೇಲೆ ರಸ ಬಿಟ್ಟು ನೋಡುವುದು ಅವಳ ಪದ್ಧತಿ.

ಆವತ್ತು ಜ್ವರದ ಸಾಕ್ಷಿ ಎಲೆ ನೀಲಿಯಾಗಲಿಲ್ಲ. ಸಣ್ಣಮ್ಮ ಮತ್ತೊಂದು ಎಲೆ ತೆಗೆದಳು. ಅದೂ ಆಗಲಿಲ್ಲ. ರಸವನ್ನು ಮೂಸಿ ನೋಡಿದಳು.

"ರಸ ಕೆಟ್ಟಿದೆ. ಇವತ್ತು ಪರೀಕ್ಷೆ ಇಲ್ಲ" ಎಂದಳು.

ಸಾಲಿನಲ್ಲಿ ಗದ್ದಲ ಎದ್ದಿತು. ಕೆಂಚವ್ವನಿಗೆ ಸಿಟ್ಟು ನೆತ್ತಿಗೇರಿತು.

"ನನ್ನ ಮಗಳು ಸುಡ್ತಾ ಇದಾಳೆ ಸಣ್ಣಮ್ಮ. ಅವಳದೊಂದಾದರೂ ನೋಡು."

"ನೋಡಬಹುದು ಕಣವ್ವ. ಆದರೆ ಈ ರಸ ಜೌಗು ಜ್ವರ ಇದ್ದರೂ ಇಲ್ಲ ಅನ್ನುತ್ತೆ. ಆ ಮಾತು ಕೇಳಿ ನೀನು ನೆಮ್ಮದಿಯಾಗಿ ಮನೆಗೆ ಹೋದರೆ ಮಗು ಗತಿ ಏನು? ಮಂಗಟ್ಟೆ ಹಕ್ಕಿ ಬೆಟ್ಟದಿಂದ ಹೊಸ ಕಾಯಿ ತರುತ್ತೆ. ನಾಳೆ ಸಂಜೆ ತಪ್ಪದೆ ಬಾ. ಅಲ್ಲಿತನಕ ನೆರಳಲ್ಲಿ ಮಲಗಿಸು, ಹರಿಯೋ ನೀರು ಕುಡಿಸು."

ಕೆಂಚವ್ವನಿಗೆ ಅರ್ಧ ಮಾತು ಕಿವಿಗೆ ಬಿತ್ತು, ಅರ್ಧ ಬೀಳಲಿಲ್ಲ. ಮಗು ಸುಡುತ್ತಿರುವಾಗ ಯಾವ ತಾಯಿಗೆ ತಾನೇ ಬುದ್ಧಿಮಾತು ಹಿಡಿಸುತ್ತದೆ?

ಎಲ್ಲರೂ ಚದುರಿದ ಮೇಲೆ ನರಿ ಜಂಬಯ್ಯ ಮುಂದೆ ಬಂದ. "ದಣಿದಿದೀರಿ ತಾಯಿ, ಆ ಕೆಟ್ಟ ರಸ ನಾನೇ ಚೆಲ್ಲಿ ಬರ್ತೀನಿ" ಎಂದು ರಸದ ಬಿದಿರ ಕೊಳವೆಗೆ ಕೈ ಚಾಚಿದ. ಸಣ್ಣಮ್ಮ ಕೊಟ್ಟುಬಿಟ್ಟಳು. ನರಿ ಚೆಲ್ಲಲಿಲ್ಲ. "ಮುದುಕಿಗೆ ಮೈಗಳ್ಳತನ, ಅದಕ್ಕೇ ತಪ್ಪನ್ನ ರಸದ ಮೇಲೆ ಹಾಕ್ತಾಳೆ" ಎಂದುಕೊಂಡು ಕೊಳವೆಯನ್ನು ತನ್ನ ಬಿಲಕ್ಕೆ ಸಾಗಿಸಿದ.

ಮಾರನೆಯ ಬೆಳಿಗ್ಗೆ ಬಂಡೆಯ ಪಕ್ಕದಲ್ಲಿ ಜಂಬಯ್ಯನ ಪರೀಕ್ಷಾಲಯ ಶುರುವಾಯಿತು. ಕಾಯಬೇಕಾಗಿಲ್ಲ, ಹೆಸರು ಕೇಳುವುದೂ ಇಲ್ಲ. ಎಲ್ಲರಿಗೂ ಒಂದೇ ಮುಳ್ಳು. ಕೆಂಚವ್ವ ಸಿಂಗಾರಿಯನ್ನು ಅಲ್ಲಿಗೇ ಕರೆದುಕೊಂಡು ಹೋದಳು. ಜಂಬಯ್ಯ ಹನಿ ಬಿಟ್ಟ. ಬಣ್ಣ ತಿರುಗಲಿಲ್ಲ.

"ಏನೂ ಇಲ್ಲ ಕೆಂಚವ್ವಕ್ಕ. ಸ್ವಲ್ಪ ಗಾಳಿ ತಗುಲಿದೆ ಅಷ್ಟೇ. ಆಡೋಕೆ ಬಿಡಿ, ತಾನೇ ಸರಿಹೋಗುತ್ತೆ."

ಕೆಂಚವ್ವನ ಎದೆ ಹಗುರಾಯಿತು. ಎಲ್ಲರ ಎಲೆಯೂ ಹಾಗೇ ಬಂತು, ಎಲ್ಲರ ಎದೆಯೂ ಹಗುರಾಯಿತು. ಸಂತೋಷಕ್ಕೆ ಒಬ್ಬರು ಜೇನು ತಂದರು, ಒಬ್ಬರು ಏಡಿ ತಂದರು. ಒಳ್ಳೆಯ ಸುದ್ದಿಗೆ ಇಷ್ಟು ಗಿರಾಕಿ ಇದೆಯೆಂದು ಜಂಬಯ್ಯನಿಗೇ ಗೊತ್ತಿರಲಿಲ್ಲ. ಆ ಸಂಜೆ ಕೆಂಚವ್ವ ಅತ್ತಿಮರದ ಕಡೆ ತಲೆಯನ್ನೂ ಹಾಕಲಿಲ್ಲ.

ಮರುದಿನ ಸಿಂಗಾರಿ ಎದ್ದು ನಿಲ್ಲಲು ಹೋಗಿ ಕುಸಿದಳು. ಕರೆದರೆ ಕಿವಿ ಕೂಡ ಅಲ್ಲಾಡಲಿಲ್ಲ. ಕೆಂಚವ್ವ ಕಾಟಿಯನ್ನು ಅಂಗಲಾಚಿ, ಮಗಳನ್ನು ಅವನ ಬೆನ್ನ ಮೇಲೆ ಹಾಕಿಸಿಕೊಂಡು ಸಣ್ಣಮ್ಮನ ಹತ್ತಿರ ಬಂದಳು. ದಾರಿಯುದ್ದಕ್ಕೂ ಅವಳಿಗೆ ನಾಚಿಕೆ. ಬೈದರೆ ಬೈಸಿಕೊಳ್ಳೋಣ, ಮಗಳು ಉಳಿದರೆ ಸಾಕು ಎಂದುಕೊಂಡಳು.

ಸಣ್ಣಮ್ಮ ಬೈಯಲಿಲ್ಲ. ಹೆಸರು ಕೇಳಿದಳು. ಎಲೆಗೆ ಗುರುತು ಹಾಕಿದಳು. ಹೊಸ ರಸ ತೆಗೆದು ಮೊದಲು ಸಾಕ್ಷಿ ಎಲೆಗಳ ಮೇಲೆ ಬಿಟ್ಟಳು. ಮಗಳು ಕಣ್ಣೆದುರಿಗೇ ಸೋಲುತ್ತಿದ್ದಾಳೆ, ಈಗಲೂ ಇದು ಬೇಕೇ ಎಂದು ಕೆಂಚವ್ವನ ನಾಲಿಗೆಯ ತುದಿಗೆ ಬಂತು. ಅವಳು ಆ ಮಾತು ನುಂಗಿಕೊಂಡು ಮಗಳ ಮೈ ನೆಕ್ಕಿದಳು. ಒಂದು ಎಲೆ ನೀಲಿಯಾಯಿತು, ಇನ್ನೊಂದು ಆಗಲಿಲ್ಲ. ಎರಡೂ ಇರಬೇಕಾದ ಹಾಗೆಯೇ ಇದ್ದವು. ಆಮೇಲೆ ಸಿಂಗಾರಿಯ ಎಲೆ. ಅದು ನೋಡುತ್ತಿದ್ದಂತೆಯೇ ನೀಲಿಗೆ ತಿರುಗಿತು.

"ಜೌಗು ಜ್ವರ. ಕಷಾಯ ತನ್ನಿ" ಎಂದಳು ಸಣ್ಣಮ್ಮ. ಕಷಾಯ ಗಂಟಲಿಗಿಳಿದ ಮೇಲೆ ಮೆಲ್ಲಗೆ ಕೇಳಿದಳು, "ನಿನ್ನೆ ಯಾಕೆ ಬರಲಿಲ್ಲ ಕೆಂಚವ್ವ?"

ಕೆಂಚವ್ವ ತಲೆತಗ್ಗಿಸಿ ಇದ್ದದ್ದನ್ನು ಇದ್ದ ಹಾಗೆ ಹೇಳಿದಳು. ಸಣ್ಣಮ್ಮನ ದೊಡ್ಡ ಕಣ್ಣು ಇನ್ನಷ್ಟು ದೊಡ್ಡದಾಯಿತು. ಅವಳು ಕೆಳಗಿನ ಕೊಂಬೆಗೆ ಇಳಿದು ಸಾಲಿನವರಿಗೆಲ್ಲ ಕೇಳುವ ಹಾಗೆ ಹೇಳಿದಳು:

"ಇದರಲ್ಲಿ ನಂದೂ ತಪ್ಪಿದೆ. ಕೆಟ್ಟ ರಸಾನ ನಾನೇ ಚೆಲ್ಲಬೇಕಿತ್ತು, ಇನ್ನೊಬ್ಬರ ಕೈಗೆ ಕೊಟ್ಟೆ. ಇನ್ನು ಮೇಲೆ ಕೊಡಲ್ಲ. ನರಿ ಹತ್ತಿರ ಯಾರು ಹೋಗಿದ್ದರೂ ಮತ್ತೆ ಬನ್ನಿ, ನೋಡ್ತೀನಿ."

ಕೆಂಚವ್ವ ಅವಳನ್ನೇ ನೋಡಿದಳು. ಮುಚ್ಚಿಟ್ಟಿದ್ದರೆ ಯಾರಿಗೂ ತಿಳಿಯದ ತಪ್ಪನ್ನು ಇಷ್ಟು ಜನರ ಮುಂದೆ ಹೇಳಿಕೊಳ್ಳಲು ಎಷ್ಟು ದೊಡ್ಡ ಮನಸ್ಸು ಬೇಕು! ಆ ಹಿಡಿಯಷ್ಟು ಜೀವದ ಮೇಲೆ ಅವಳಿಗೆ ಗೌರವ ಉಕ್ಕಿಬಂತು.

ಅಷ್ಟರಲ್ಲಿ ಕರಡಿ ಜಂಬಯ್ಯನನ್ನು ಕುತ್ತಿಗೆ ಹಿಡಿದು ಎಳೆದುಕೊಂಡು ಬಂದ. ನರಿ ಗಡಗಡ ನಡುಗುತ್ತಿದ್ದ. ಕಣ್ಣು ಕೆಂಪಗಾಗಿತ್ತು. ಆದರೂ ಕೈಯಲ್ಲಿ ಎಲೆ ಹಿಡಿದಿದ್ದ.

"ಬಿಡಯ್ಯ, ನಂಗೇನೂ ಆಗಿಲ್ಲ. ಬೆಳಿಗ್ಗೆಯಿಂದ ನೋಡ್ಕೋತಾನೇ ಇದೀನಿ, ಎಲೆ ನೀಲಿಯಾಗಿಲ್ಲ" ಎನ್ನುತ್ತಲೇ ದೊಪ್ಪನೆ ಬಿದ್ದ.

ಕಾಡಿಗೆಲ್ಲ ಹೇಳಿದ ಸುಳ್ಳನ್ನು ಅವನೇ ನಂಬಿ ಕೂತಿದ್ದ. ಕಾಟಿ ಕೊಂಬು ತಗ್ಗಿಸಿದ. "ತುಳಿದುಬಿಡ್ತೀನಿ ಇವನ್ನ."

"ಅವನೂ ರೋಗಿ. ಹಿಂದೆ ಸರಿ" ಎಂದಳು ಸಣ್ಣಮ್ಮ. ಎಲ್ಲರಿಗೂ ಮಾಡಿದಂತೆ ಅವನಿಗೂ ಹೊಸ ಮುಳ್ಳು ತೆಗೆದಳು, ಹೊಸ ಎಲೆ ತೆಗೆದಳು. ಹನಿ ನೀಲಿಯಾಯಿತು. ಕಷಾಯವನ್ನು ಮೂಗು ಹಿಡಿದು ಕುಡಿಸಿದ್ದು ಮಾತ್ರ ಕರಡಿ.

ಜಂಬಯ್ಯ ಕಾಲೂರಿ ನಿಲ್ಲುವ ಹಾಗಾದ ಕೂಡಲೇ ಸಣ್ಣಮ್ಮ ಹೇಳಿದಳು, "ಯಾರ್ಯಾರಿಗೆ ಏನೂ ಇಲ್ಲ ಅಂತ ಹೇಳಿ ಕಳಿಸಿದೆ ಅಂತ ನಿನಗೊಬ್ಬನಿಗೇ ಗೊತ್ತು. ಒಬ್ಬರನ್ನೂ ಬಿಡದೆ ಹೋಗಿ, ‘ನಾನು ಹೇಳಿದ್ದು ಸುಳ್ಳು’ ಅಂತ ನಿನ್ನ ಬಾಯಲ್ಲೇ ಹೇಳಿ ಕರ್ಕೊಂಡು ಬಾ."

ಅದಕ್ಕಿಂತ ಕಷಾಯವೇ ಸಿಹಿ ಎನಿಸಿರಬೇಕು ಅವನಿಗೆ. ಗುಹೆಗುಹೆಗೂ ಹೋದ, ಪೊದೆಪೊದೆಗೂ ಹೋದ. ಮುಳ್ಳುಹಂದಿ ಬೆನ್ನು ತಿರುಗಿಸಿ ಚುಚ್ಚಿದ. ಚಿರತೆ ಕೊಟ್ಟ ಏಟಿಗೆ ಕಿವಿ ಸೀಳಿತು. ಆದರೂ ಎಲ್ಲರೂ ಬಂದರು. ಜ್ವರ ಇದ್ದವರಿಗೆ ಕಷಾಯ ಸಿಕ್ಕಿತು. ಯಾರ ಜೀವಕ್ಕೂ ಅಪಾಯವಾಗಲಿಲ್ಲ. ಆಮೇಲೆ ಎಲ್ಲರೂ ಸೇರಿ ನಿಂತ ನೀರಿನ ಹೊಂಡಗಳಿಗೆ ಮಣ್ಣು ಮುಚ್ಚಿದರು. ಸಿಂಗಾರಿಯೂ ಚೇತರಿಸಿಕೊಂಡು ಮತ್ತೆ ತಾಯಿಯ ತಲೆ ತಿನ್ನತೊಡಗಿದಳು. ಕೆಂಚವ್ವನಿಗೆ ಅದಕ್ಕಿಂತ ಇನ್ನೇನು ಬೇಕಿತ್ತು?

ಮುಂದಿನ ಮಳೆಗಾಲ ಕಳೆದ ಮೇಲೆ ಒಂದು ಸಂಜೆ ಮತ್ತೆ ರಸ ಕೆಟ್ಟಿತ್ತು. ಸಣ್ಣಮ್ಮ ಅದನ್ನು ತಾನೇ ಗುಂಡಿಗೆ ಸುರಿದು, "ಇವತ್ತು ಪರೀಕ್ಷೆ ಇಲ್ಲ" ಎಂದಳು. ಹೊಸದಾಗಿ ಆ ಕಾಡಿಗೆ ಬಂದಿದ್ದ ಜಿಂಕೆಯೊಬ್ಬಳು ಮರಿಯನ್ನು ಅಪ್ಪಿಕೊಂಡು ಗೊಣಗಿದಳು, "ಇವರನ್ನ ನಂಬಿ ಇಷ್ಟು ದೂರ ಬಂದೆನಲ್ಲ."

ಕೆಂಚವ್ವ ಅವಳ ಪಕ್ಕಕ್ಕೆ ಬಂದು ನಿಂತಳು.

"ನಂಬು ತಂಗಿ. ಗೊತ್ತಾಗದೇ ಇದ್ದಾಗ ಗೊತ್ತಿಲ್ಲ ಅಂತಾರಲ್ಲ, ಅದಕ್ಕೇ ನಾನೂ ಇವರನ್ನ ನಂಬೋದು. ನಡಿ, ಹರಿಯೋ ನೀರು ಎಲ್ಲಿದೆ ತೋರಿಸ್ತೀನಿ. ನಾಳೆ ಸಂಜೆ ಇಬ್ಬರೂ ಒಟ್ಟಿಗೆ ಬರೋಣ."

ನೀತಿ: ಆರೋಗ್ಯದ ವಿಷಯದಲ್ಲಿ ಹಿತವಾದ ಉತ್ತರಕ್ಕಿಂತ ನಿಜವಾದ ಉತ್ತರ ಮುಖ್ಯ, ತನ್ನ ಕೆಲಸವನ್ನು ತಾನೇ ಮೊದಲು ಪರೀಕ್ಷಿಸಿಕೊಳ್ಳುವವರನ್ನೇ ನಂಬಬೇಕು.