ಮದುಮಗನ ಬಯಲು

ಗೋಡೆಯಿಲ್ಲದ ಮನೆ, ಬಾಗಿಲಿಲ್ಲದ ಸೆರೆ. ನಾಯಿ ದಾಟೀತು, ನಾಯಕ ದಾಟಲಾರ. ಏನದು? ಇದು ಬಿದರಗಟ್ಟಿಯ ಒಡಪು. ತಲೆ ಕೆರೆದುಕೊಳ್ಳಬೇಡಿರಿ, ಪರವೂರಿನವರು ಎಷ್ಟೇ ಶಾಣ್ಯಾರಿದ್ದರೂ ಇದನ್ನು ಬಿಡಿಸಲಾರರು. ಅದಕ್ಕೆ ಮೊದಲು ನಮ್ಮ ಬಯಲನ್ನು ನೋಡಬೇಕು. ಹಳೆಯ ಮಣ್ಣಿನ ಕೋಟೆಯ ಬುರುಜಿನ ಕೆಳಗೆ, ದ್ಯಾಮವ್ವನ ಗುಡಿಯ ಮಗ್ಗುಲಲ್ಲಿ, ಹುಲ್ಲು ಹಾಸಿದ ಸಪಾಟು ನೆಲವಿದೆ. ಭಾನುವಾರ ಬಂತೆಂದರೆ ಅಲ್ಲಿ ಸುತ್ತಲಿನ ಹಳ್ಳಿಗಳ ಕ್ರಿಕೆಟ್ ಕ್ಲಬ್ಬುಗಳು ಜಮಾಯಿಸುತ್ತವೆ. ಚೆಂಡು ವೀರಗಲ್ಲಿಗೆ ತಾಗಿದರೆ ನಾಲ್ಕು ರನ್ನು; ಗುಡಿಯ ಹಿಂದೆ ಬಿದ್ದರೆ ಸಿಕ್ಸರು, ಆದರೆ ತರುವವನು ಚಪ್ಪಲಿ ಬಿಟ್ಟೇ ಹೋಗಬೇಕು. ಇದಕ್ಕೆ ಮದುಮಗನ ಬಯಲೆಂದು ಹೆಸರು. ಅಲ್ಲಿ ಮದುವೆ ಮಂಟಪವೂ ಇಲ್ಲ, ಊಟದ ಮನೆಯೂ ಇಲ್ಲ.

ಹಿಂದೆ ಒಮ್ಮೆ, ದೇಸಾಯರ ಕಾಲದಲ್ಲಿ, ಈ ಬಯಲೇ ಊರಿನ ನ್ಯಾಯದ ಕಟ್ಟೆಯಾಗಿತ್ತು ಎನ್ನುತ್ತಾರೆ. ಯಾರ ಮೇಲೆ ದೂರು ಬರುತ್ತಿತ್ತೋ ಅವನನ್ನು ಇಲ್ಲಿ ನಿಲ್ಲಿಸಿ, ದ್ಯಾಮವ್ವನ ಆಣೆಯಿಟ್ಟು ಸುತ್ತಲೂ ಸುಣ್ಣದ ಗೆರೆ ಎಳೆಯುತ್ತಿದ್ದರು. ಎಳೆದ ಕೈಯೇ ಬಂದು ಅಳಿಸುವವರೆಗೆ ಅವನು ಹೊರಬರುವಂತಿಲ್ಲ. ಬಂದನೋ, ಆ ಮನೆಗೆ ಯಾರೂ ಹೆಣ್ಣು ಕೊಡುತ್ತಿರಲಿಲ್ಲ. ದೇಸಾಯರು ಹೋದರು, ಅವರ ಕುದುರೆಗಳೂ ಹೋದವು. ಆ ಭಯ ಮಾತ್ರ ಊರಲ್ಲೇ ಉಳಿಯಿತು. ರೈಲು ಬಂದ ಹೊಸತರಲ್ಲಿ ತಾಲೂಕಿನ ಕ್ಲಬ್ಬಿನವರು ಇಲ್ಲಿ ಕ್ರಿಕೆಟ್ ಆಡಲು ಬಂದರು. ಬಿದರಗಟ್ಟಿಗೆ ಒಬ್ಬ ಆಟಗಾರ ಕಡಿಮೆ ಬಿದ್ದ. ಮರುದಿನವೇ ಮದುವೆಯಿದ್ದ ಗದಿಗೆಪ್ಪನನ್ನು ಗೆಳೆಯರು ಹಂದರದಿಂದ ಎಬ್ಬಿಸಿಕೊಂಡು ಬಂದರು. ಅರಿಶಿಣ ಹಚ್ಚಿಸಿಕೊಂಡವನು ಊರ ಗಡಿ ದಾಟಬಾರದಷ್ಟೆ. ಬಯಲು ಗಡಿಯ ಒಳಗೇ ಇತ್ತಲ್ಲ! ದೃಷ್ಟಿಗೆಂದು ಕೈಯಲ್ಲಿ ಹಿಡಿದಿದ್ದ ಚೂರಿಯನ್ನು ಅವ್ವನಿಗೆ ಕೊಟ್ಟು ಅವನು ಬ್ಯಾಟು ಹಿಡಿದ.

ಆಟ ನೋಡಲು ಬಂದವರು ಅತ್ತಿಂದಿತ್ತ ಓಡಾಡಿ ನೆಲದ ಗೆರೆಗಳನ್ನೆಲ್ಲ ತುಳಿದು ಅಳಿಸಿಬಿಟ್ಟಿದ್ದರು. ಅಂಪೈರ್ ವಾಮನರಾಯರು ಪೇಟೆಯವರು, ಸಿಟ್ಟಿನವರು. ಗದಿಗೆಪ್ಪ ವಿಕೆಟ್ಟಿನ ಮುಂದೆ ಬಗ್ಗಿ ನಿಂತಿದ್ದಂತೆಯೇ ಅವರು ತಮ್ಮ ಎಲೆಯಡಿಕೆಯ ಸುಣ್ಣದ ಡಬ್ಬಿ ತೆಗೆದು ಅವನ ನಾಲ್ಕೂ ಕಡೆ ಹೊಸದಾಗಿ ಗೆರೆ ಎಳೆದರು. ಮಂದಿಯ ಕಡೆ ತಿರುಗಿ, "ದ್ಯಾಮವ್ವನ ಆಣಿ ಅದ ನೋಡ್ರಿ, ನಾ ಅಳಸೂತನಕಾ ಇದನ್ನ ಯಾರೂ ದಾಟಬ್ಯಾಡ್ರಿ!" ಎಂದು ಗದರಿದರು. ಅವರ ಲೆಕ್ಕಕ್ಕೆ ಅದು ಗದ್ದಲ ನಿಲ್ಲಿಸುವ ಮಾತು. ಊರವರಿಗೆ ಅದು ದೇಸಾಯರ ಕಾಲದ ತೀರ್ಪಿನಂತೆ ಕೇಳಿಸಿತು. ಗದಿಗೆಪ್ಪ ಮುಂದೆ ಚಾಚಿದ್ದ ಕಾಲನ್ನು ಗೆರೆಯೊಳಗೆ ಎಳೆದುಕೊಂಡ.

ಮುಂದಿನ ಚೆಂಡನ್ನು ಅವನು ಬಲವಾಗಿ ಬಾರಿಸಿದ. ಎದುರು ತುದಿಯಿಂದ ಮಕ್ತುಮ ಓಡಿ ಬಂದ. ಇವನು ಅಲುಗಲಿಲ್ಲ. "ಓಡಲೇ ಗದಿಗ್ಯಾ! ಕಾಲಿಗೇನು ಬ್ಯಾನಿ ಆಗೇತಿ?" "ಬ್ಯಾನಿ ಆಗಿದ್ರ ಚಲೋ ಇತ್ತೋ ಮಾರಾಯಾ. ಗೆರಿ ಹಾಕ್ಯಾರ!" ಮಕ್ತುಮ ನಡುದಾರಿಯಲ್ಲಿ ಔಟಾದ. ಅವನ ಹಿಂದೆ ಬಂದವರೆಲ್ಲ ಹೀಗೆಯೇ ಓಡಿ ಬಂದು, ಇವನ ಮುಖ ನೋಡಿ, ಬೈದು ಹೋದರು. ಗದಿಗೆಪ್ಪ ಮಾತ್ರ ಔಟಾಗಲಿಲ್ಲ. ಬಯಲಂಚಿನ ಬೇವಿನ ಮರದ ಕೆಳಗೆ ಹಿರಿಯರು, ತಿನ್ನುವ ಸುಣ್ಣದಿಂದ ಎಳೆದ ಗೆರೆ ಗೆರೆಯಾಗುತ್ತದೋ ಇಲ್ಲವೋ ಎಂದು ವಾದಕ್ಕೆ ಕುಳಿತರು. ಆಗುತ್ತದೆಂದು ತೀರ್ಮಾನವಾಗುವಷ್ಟರಲ್ಲಿ ಆಟ ಮುಗಿದಿತ್ತು, ದೂರದಲ್ಲಿ ರೈಲು ಸೀಟಿ ಹಾಕಿತ್ತು. ಗೆರೆ ಎಳೆದ ಕೈ ಅದರೊಳಗೆ ಕುಳಿತು ಪೇಟೆಗೆ ಹೊರಟಿತ್ತು. ಮರುದಿನ ಮಧ್ಯಾಹ್ನದವರೆಗೆ ಬೇರೆ ರೈಲಿಲ್ಲ. ಮುಹೂರ್ತವೋ ಬೆಳಿಗ್ಗೆ.

ಅವ್ವ ಬಾಳವ್ವ ಗೆರೆಯ ಆಚೆ ಕುಳಿತು ರೊಟ್ಟಿ ಚಾಚಿದಳು. "ಹಂದರದಾಗ ಕುಂದ್ರೂ ಮಗಾ ಬಯಲಾಗ ನಿಂತಾನ, ಯಾರ ಕಣ್ಣು ಬಿತ್ತೋ ಎಪ್ಪಾ" ಎಂದು ಗೊಣಗಿದಳು. ಅವನಿಗೆ ತನ್ನ ಮನೆಯ ಹಂದರ ಅಲ್ಲಿಂದಲೇ ಕಾಣುತ್ತಿತ್ತು. ತನ್ನ ಮದುವೆಗೇ ಬಾರಿಸುತ್ತಿದ್ದ ಹಲಗೆ ಕೇಳುತ್ತಿತ್ತು. ಗೆರೆ ಎರಡು ಬೆರಳ ಅಗಲವೂ ಇರಲಿಲ್ಲ. ಒಂದು ನಾಯಿ ಸಲೀಸಾಗಿ ಒಳಬಂದು ರೊಟ್ಟಿಯ ಚೂರು ತಿಂದು ಸಲೀಸಾಗಿ ಹೊರಗೆ ಹೋಯಿತು. ಅದರ ಬಾಲ ಮರೆಯಾಗುವವರೆಗೂ ಅವನು ನೋಡುತ್ತ ನಿಂತ. ದಾಟಿದರೆ ಹೆಣ್ಣಿಲ್ಲ, ನಿಂತರೆ ಮುಹೂರ್ತವಿಲ್ಲ. ಹೆಣ್ಣಿನ ಅಪ್ಪನಂತೂ, "ಸುಣ್ಣದಾಗ ಸಿಕ್ಕೊಂಡ ಗಂಡಿಗೆ ನನ್ನ ಮಗಳ್ನ ಕೊಡೂದಿಲ್ಲ. ಹೊತ್ತು ಮೀರಿತೋ, ಗಾಡಿ ಹೂಡತೀನಿ" ಎಂದು ಬಂದು ಹೇಳಿಹೋದ. ಗೆರೆಯೊಳಗಿರುವವನು ಅಪರಾಧಿಯ ಲೆಕ್ಕ, ಅಲ್ಲಿಗೆ ಹೋಗಿ ಅಕ್ಕಿಕಾಳು ಹಾಕಿ ಮದುವೆ ಮುಗಿಸಲು ಬರುವುದಿಲ್ಲವೆಂದು ಹಿರಿಯರೂ ತಲೆಯಾಡಿಸಿದರು.

ಬೆಳಿಗ್ಗೆ ಗಾಡಿಗೆ ಎತ್ತು ಕಟ್ಟುವ ಸದ್ದು ಕೇಳಿತು. ಗದಿಗೆಪ್ಪ ಬ್ಯಾಟಿನ ಮೇಲೆ ಗಲ್ಲವೂರಿ ಕಣ್ಣು ಮುಚ್ಚಿದ. ಬಾಸಿಂಗ ಕಟ್ಟಿಕೊಂಡ ಮದುಮಗಳು ದುಂಡವ್ವ ಗಾಡಿಯಿಂದ ಧುಮುಕಿ ನೇರ ಬಯಲಿಗೆ ಬಂದಳು. ಗೆರೆಯ ಮುಂದೆ ನಿಂತು ಬೇವಿನ ಕಡೆ ತಿರುಗಿ ಕೇಳಿದಳು: "ಹೊರಗ ಬರಬಾರದು ಅಂತ ಆಣಿ ಐತಿ. ಒಳಗ ಹೋಗಬಾರದು ಅಂತ ಯಾರ ಆಣಿ ಐತ್ರಿ?" ಹಿರಿಯರು ಮತ್ತೆ ವಾದಕ್ಕೆ ಕುಳಿತರು. ಅವಳು ಸೆರಗು ಸಾವರಿಸಿಕೊಂಡು ಒಳಗೆ ಕಾಲಿಟ್ಟಳು. ವಾದ ಮುಗಿಯುವಷ್ಟರಲ್ಲಿ ಬಾಳವ್ವ ಒಂದು ಮುಷ್ಟಿ ಅಕ್ಕಿ ಎರಚಿಯಾಗಿತ್ತು. ಸ್ಟೇಷನ್ನಿನಿಂದ ಹೋದ ತಂತಿ ಮುಟ್ಟಿ, ಮಧ್ಯಾಹ್ನದ ರೈಲಿಗೆ ಓಡೋಡಿ ಬಂದ ವಾಮನರಾಯರು ಗೆರೆ ಅಳಿಸಿ, ಹುಗ್ಗಿ ಉಂಡು ಹೋದರು.

ಇಂದಿಗೂ ಈ ಬಯಲಲ್ಲಿ ಬ್ಯಾಟ್ಸ್‌ಮನ್ನಿಗೆ ಮೂರೇ ಕಡೆ ಸುಣ್ಣ ಬಳಿಯುತ್ತಾರೆ, ಒಂದು ಕಡೆ ಖಾಲಿ ಬಿಡುತ್ತಾರೆ. ಹೊಸ ಅಂಪೈರುಗಳು ಜಗಳ ತೆಗೆಯುತ್ತಾರೆ, ಊರವರು ಕೇಳುವುದಿಲ್ಲ. ಬೇಕಾದವರು ಬಂದು ನೋಡಬಹುದು. ಆದರೆ ದುಂಡವ್ವ ಗಾಡಿಯಿಂದ ಧುಮುಕಿದ್ದು, ಆ ಮಾತು, ಆ ಅಕ್ಕಿ, ಆ ಹುಗ್ಗಿ, ಅಷ್ಟೂ ನಾನೇ ಕಟ್ಟಿದ್ದು. ಊರ ಹಿರಿಯರು ಈ ಕಥೆ ಹೇಳುವಾಗ ಗಾಡಿ ಹೋಗುತ್ತದೆ, ಮದುಮಗ ನಿಂತೇ ಇರುತ್ತಾನೆ. ಅಲ್ಲಿಗೆ ಕಥೆ ಮುಗಿಸಿ ಅವರು ಎಲೆಯಡಿಕೆ ಬಾಯಿಗೆ ಹಾಕಿಕೊಳ್ಳುತ್ತಾರೆ. ಅವನನ್ನು ಹಾಗೆ ನಿಲ್ಲಿಸಿ ಬರಲು ನನಗೆ ಮನಸ್ಸಾಗಲಿಲ್ಲ.